ಬಹುವಚನ

"ಎಲ್ರೂ ಸೈನ್ ಹಾಕಾಯ್ತು. ನೀನೊಬ್ಳೇ ಬಾಕಿ ಕಣೇ," ಎನ್ನುತ್ತ ಹಿರಿಯಕ್ಕ ಪೆನ್ನನ್ನು ಅವಳ ಕೈಗೆ ತುರುಕಿದಳು.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ. ಇಸ್ತ್ರಿ ಮಿಷನ್ನಿನ ಆರೂ ಹೆಂಗಸರು ಊಟದ ಡಬ್ಬಿ ಬಿಚ್ಚಿಕೊಂಡು ಸುತ್ತ ಕೂತಿದ್ದರು. ಕನ್ನಡಕ ಎಂದೇ ಎಲ್ಲರೂ ಕರೆಯುವ ಅವಳು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಮೊನ್ನೆ ಬಿಸಿ ರೋಲರಿಗೆ ಸಿಕ್ಕಿ ಕೈ ಸುಟ್ಟುಕೊಂಡ ಹೊಸ ಹುಡುಗಿಗೆ ಮೈಮೇಲೆ ಎಚ್ಚರವಿರಲಿಲ್ಲ, ತಪ್ಪೆಲ್ಲ ಅವಳದೇ ಎಂದಿತ್ತು. ಇಷ್ಟೇ. ಇದು ಆಫೀಸಿಗೆ ಹೋದರೆ ಹುಡುಗಿಗೆ ಚಿಕಿತ್ಸೆಯ ಖರ್ಚೂ ಇಲ್ಲ, ಕೆಲಸವೂ ಇಲ್ಲ.

"ಕೈ ತಾಗಿದ್ರೆ ಮಿಷನ್ ನಿಲ್ಸೋ ಪಟ್ಟಿ ಇತ್ತಲ್ಲ, ಅದನ್ನ ದಾರ ಹಾಕಿ ಮೇಲೆ ಕಟ್ಟಿದ್ದು ಯಾರು?"

"ಎಲ್ರೂ ಕಟ್ತೀವಿ. ನೀನು ಕಟ್ಟಲ್ವಾ?"

"ಕಟ್ತೀನಿ. ಕೆಲ್ಸ ಬೇಗ ಆಗ್ಲಿ ಅಂತ ಸೂಪರ್‌ವೈಸರ್ರೇ ಹೇಳ್ಕೊಟ್ಟಿದ್ದು. ಅದನ್ನ ಬರೀರಿ, ಮೊದಲ್ನೇ ಸೈನ್ ನಂದು."

"ನೋಡ್ರೇ, ನಮ್ಮ ಕನ್ನಡಕಕ್ಕೆ ಮಾತ್ರ ಎಲ್ಲಾ ಕಾಣುತ್ತೆ!" ಪಕ್ಕದವಳು ಅಂದದ್ದೇ ತಡ, ಉಳಿದವರು ಗೊಳ್ಳೆಂದು ನಕ್ಕರು.

ಹಿರಿಯಕ್ಕ ನಗಲಿಲ್ಲ. "ನಾವು ಐದು ಜನ ಒಂದು ಮಾತು ಅಂದ್ಮೇಲೆ ನಿಂದೇನೇ ಬೇರೆ? ನಮ್ಮೋಳು ತಾನೇ ನೀನು?"

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಆ ಹುಡುಗೀನೂ ನಿಮ್ಮನ್ನ ಬಾಯ್ತುಂಬ ಅಕ್ಕಾ ಅಂತಿದ್ಳು. ಕೈ ಬೆಂದಿದ್ದೇ ತಡ ನಮ್ಮೋಳಲ್ಲ ಆಗ್ಬಿಟ್ಳಾ? ನಿಮ್ಮ ಹೊಟ್ಟೇಲಿ ಹುಟ್ಟಿದ್ರೆ ಹೀಗೇ ಬರೀತಿದ್ರಾ? ಥೂ!"

ಐದು ಸಹಿಗಳ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ ಬರೆದಳು: ಇದು ಸುಳ್ಳು. ಪಟ್ಟಿ ಕಟ್ಟಿಸಿದ್ದು ಸೂಪರ್‌ವೈಸರ್. ನಾನೂ ಕಟ್ಟುತ್ತಿದ್ದೆ. ಸಹಿ ಹಾಕಿ ಕಾಗದವನ್ನು ತಾನೇ ಆಫೀಸಿಗೆ ಒಯ್ದು ಕೊಟ್ಟು ಬಂದಳು.

ವಾಪಸ್ಸು ಬಂದಾಗ ಯಾರೂ ಬೈಯಲಿಲ್ಲ. ಹಿರಿಯಕ್ಕ ತಲೆ ಎತ್ತಿ, ಮೆಲ್ಲಗೆ, "ನೀವು ಸ್ವಲ್ಪ ಆ ಕಡೆ ಕೂತ್ಕೋತೀರಾ ಮೇಡಂ?" ಎಂದಳು.

ಹನ್ನೊಂದು ವರ್ಷ 'ಕಣೇ', 'ಬಾರೇ' ಎಂದ ಬಾಯಿ ಅದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆಗೆ ಏನಂತ ಜವಾಬು ಕೊಡುವುದು? ಅವಳು ಡಬ್ಬಿ ಮುಚ್ಚಿದಳು.

ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಮಿಷನ್ನಿನಿಂದ ಹಾಸಿಗೆಯ ಬಿಳಿ ಬಟ್ಟೆಗಳು ಬಿಸಿಬಿಸಿಯಾಗಿ ಹೊರಬರತೊಡಗಿದವು. ಮಡಚಲು ಇಬ್ಬರು ಬೇಕು. ಅವಳು ಎರಡು ಮೂಲೆ ಹಿಡಿದು ಕ್ಷಣಕಾಲ ನಿಂತಳು. ಆಚೆ ತುದಿಗೆ ಯಾರೂ ಬರಲಿಲ್ಲ. ಬಟ್ಟೆಯ ನಡುವನ್ನು ಗದ್ದದಡಿ ಒತ್ತಿಕೊಂಡು, ತೋಳು ಎಟುಕುವಷ್ಟು ಅಗಲಿಸಿ, ಒಬ್ಬಳೇ ಮಡಚತೊಡಗಿದಳು.