ಮೇಲಿನ ಹಿಡಿ

"ಏಯ್ ಮುದಿ ರಂಡೆ! ಆ ಕೀವು ಸುರಿಯೋ ಬೆರಳ್ನ ತಕ್ಕೊಂಡೋಗಿ ನಿನ್ ಗಂಡನ ಗೋರಿ ಮ್ಯಾಲಿಕ್ಕು. ಮಾಲಿನೊಳಗೆ ಅದ್ದಬ್ಯಾಡ!"

ಶೆಡ್ಡಿನ ಮೇಸ್ತ್ರಿ ಕಾಲೋಯ್ ಒದ್ದ ರಭಸಕ್ಕೆ ಪೂರಿಂಗಜ್ಜಿಯ ಡಬ್ಬ ಉರುಳಿತು. ಬಿಡಿಸಿಟ್ಟಿದ್ದ ಪಚ್ಚಿಲೆ ಚಿಪ್ಪುಮೀನಿನ ಮಾಂಸ ಸಿಮೆಂಟು ನೆಲದ ಮೇಲೆ ಚೆಲ್ಲಿಹೋಯಿತು. ಅಜ್ಜಿ ಮಣೆಯಿಂದಿಳಿದು, ಮೊಣಕಾಲೂರಿ, ಒಂದೊಂದನ್ನೇ ಹೆಕ್ಕಿ ತೊಳೆದು ಮತ್ತೆ ಡಬ್ಬಕ್ಕೆ ಹಾಕತೊಡಗಿದಳು. ನಾವ್ಯಾರೂ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಚಾಕು ಜಾರುತ್ತದೆ. ಚಾಕು ಜಾರದಿದ್ದರೂ ಚಿಪ್ಪಿನ ಅಂಚು ಕಾದಿರುತ್ತದೆ. ಅಜ್ಜಿಯ ತೋರುಬೆರಳಿಗೆ ಹೊಕ್ಕಿದ್ದೂ ಒಡೆದ ಚಿಪ್ಪಿನ ಚೂರೇ. ಬೆರಳು ಈಗ ಬದನೆಕಾಯಿಯಂತೆ ಊದಿ ಕಪ್ಪಾಗಿತ್ತು.

ಮನಿಲಾ ಕೊಲ್ಲಿಯ ಈ ಅಂಚಿನಲ್ಲಿ ಗಂಡಸರು ಕಡಲಿಗೆ ಬಿದಿರು ನೆಟ್ಟು ಪಚ್ಚಿಲೆ ಬೆಳೆಸುತ್ತಾರೆ. ಹೆಂಗಸರು ನಾವು ಅದನ್ನು ಬೇಯಿಸಿ, ಚಿಪ್ಪು ಬಿಡಿಸುತ್ತೇವೆ. ಇರುವುದು ಮೇಡಮ್ ಚಾರಿತೋಳ ಶೆಡ್ಡೊಂದೇ. ಚಾಕು ನಮ್ಮದು, ಕೂರುವ ಮಣೆ ನಮ್ಮದು, ಮಣೆ ಇಡುವ ಜಾಗ ಮಾತ್ರ ಅವಳದು. ಆ ಜಾಗ ಕಳಕೊಂಡವಳು ದಂಡೆಯ ಚಿಪ್ಪಿನ ತಿಪ್ಪೆ ಕೆದಕಿ, ನಾವು ಬಿಟ್ಟ ಚೂರುಪಾರು ಮಾಂಸ ಕೆರೆದು ತಿನ್ನಬೇಕು. ಅಲ್ಲಿ ಆಗಲೇ ನಾಯಿಗಳ ಜೊತೆ ಇಬ್ಬರು ಮುದುಕಿಯರಿದ್ದರು.

ಡಬ್ಬ ಗೋಪುರವಾಗಿ ತುಂಬಿದ ಮೇಲೆ ತಕ್ಕಡಿಯ ಹತ್ತಿರ ಒಯ್ಯಬೇಕು. ಕೂಲಿಯ ತೂಕಕ್ಕೆ ಮೊದಲು ಮೇಡಮ್ ತನ್ನ ಕೈಯಾರೆ ಆ ಗೋಪುರದ ತುದಿಯಿಂದ ಒಂದು ಹಿಡಿ ಎತ್ತಿ ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ನಮ್ಮ ತಲೆಯ ಮೇಲೆ ತಗಡು ಹಾಕಿಸಿದ್ದಾಳಲ್ಲ, ಅದಕ್ಕೆ. ಅವಳು ಎತ್ತಿದ ಕೂಡಲೇ ನಾವು "ಉಪ್ಕಾರ ಆಯ್ತವ್ವಾ" ಅನ್ನಬೇಕು. ಅನ್ನದವಳಿಂದ ಇನ್ನೊಂದು ಹಿಡಿ. ನನ್ನವ್ವ ಈ ಮೇಡಮ್‌ಳ ತಾಯಿಗೆ ಅದನ್ನೇ ಅನ್ನುತ್ತಿದ್ದಳು. ನಾನು ಅವ್ವನ ಮಡಿಲಲ್ಲಿ ಮೊಲೆ ಚೀಪುತ್ತಾ ಕಲಿತ ಮಾತು ಅದು.

"ಕಾಲೋಯ್, ಬಿಡೋ ಅವಳನ್ನ," ಎಂದಳು ಮೇಡಮ್ ಫ್ಯಾನಿನ ಕೆಳಗಿಂದ. "ಭಾನುವಾರ ನನ್ನ ತಮ್ಮ ಭಾಷಣಕ್ಕೆ ಬರ್ತಿದಾನೆ. ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋಕೆ ಒಬ್ಬಳು ದುಡಿಯೋ ಮುದುಕಿ ಬೇಕಂತೆ. ಆ ಬೆರಳು ಟಿವೀಲಿ ಚೆನ್ನಾಗಿ ಕಾಣುತ್ತೆ."

ಅವಳ ತಮ್ಮ ಸೆನೆಟರ್ ಅರೆಯಾನೊ. ವಿರೋಧ ಪಕ್ಷದವನು. ದುಡಿದು ತಿನ್ನುವವರ ಮೇಲಿನ ತೆರಿಗೆ ಇಳಿಸಿ ಎಂದು ಊರೂರು ಸುತ್ತುತ್ತಿದ್ದ.

"ಕೇಳಿಸ್ತಾ ಅಜ್ಜಿ? ಹೇಳಿಕೊಟ್ಟ ಮಾತು ಹೇಳಿಕೊಟ್ಟ ಹಾಗೆ ಆಡಿದ್ರೆ ನಿನ್ನ ಮಣೆ ಇಲ್ಲೇ ಇರುತ್ತೆ. ಎಡವಟ್ಟು ಮಾಡಿದ್ರೆ ನೀನೂ ಆಚೆ, ಮಣೆನೂ ಆಚೆ."

"ಆಡ್ತೀನಿ ಕಣವ್ವಾ," ಅಜ್ಜಿ ನೆಲದಿಂದಲೇ ಕೈ ಮುಗಿದಳು. "ಸಾಯೋಗಂಟ ಇದೊಂದ್ ಜಾಗ ಇರ್ಲಿ."

ಮಾರನೆಯ ದಿನ ಪಟ್ಟಣದಿಂದ ಪಕ್ಷದ ಹುಡುಗಿಯೊಬ್ಬಳು ಮೂಗಿಗೆ ಕರವಸ್ತ್ರ ಹಿಡಿದು ಬಂದಳು. ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿ, ಅವಳ ಸುತ್ತ ಒಂದು ಸುತ್ತು ಬಂದು ನೋಡಿದಳು.

"ಅವತ್ತು ಚಪ್ಪಲಿ ಹಾಕ್ಬೇಡಿ. ಬೆರಳಿಗೆ ಬಟ್ಟೆ ಕಟ್ಟಿದೀರಲ್ಲ, ಅದೂ ಬೇಡ."

"ನೊಣ ಕೂತ್ಕತವೆ ಕಣ್ ಮಗಾ."

"ಕೂತ್ಕೊಳ್ಲಿ ಬಿಡಿ."

ಹುಡುಗಿ ಹೇಳಿಕೊಟ್ಟು ಹೋದ ಪಾಠವನ್ನು ಅಜ್ಜಿ ಚಿಪ್ಪು ಬಿಡಿಸುತ್ತಲೇ ಒಪ್ಪಿಸತೊಡಗಿದಳು. "ಉಪ್ಪು ಕೊಂಡ್ರೂ ತೆರ್ಗೆ ಸಾಮಿ, ಸೋಪು ಕೊಂಡ್ರೂ ತೆರ್ಗೆ..."

"ಹೂಸು ಬುಟ್ರೂ ತೆರ್ಗೆ ಅನ್ನಜ್ಜಿ," ಎಂದಳು ನನ್ನ ಪಕ್ಕದ ಮಿಂಡಾ. "ಸೆನೆಟ್ರು ಕುಸಿಯಾಗಿ ಇನ್ನೊಂದ್ ಮಣೆ ಕೊಡ್ತಾನೆ."

"ಬಾಯ್ ಮುಚ್ಚೇ ಹಲ್ಕಾ. ಮರ್ತೋಯ್ತದೆ."

ಅವತ್ತು ನಾವೆಲ್ಲ ನಕ್ಕೆವು. ಅಜ್ಜಿಯೂ ನಕ್ಕಳು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಬಯಲಿನಲ್ಲಿ ಉದ್ದಕ್ಕೆ ಮೇಜು ಜೋಡಿಸಿ ಬಾಳೆಲೆ ಹಾಸಿದರು. ಅನ್ನದ ಸಾಲು, ಅದರ ಮೇಲೆ ಹುರಿದ ಮೀನು, ಹಂದಿಮಾಂಸ, ನಾವೇ ಬೇಯಿಸಿದ ಪಚ್ಚಿಲೆ. ಭಾಷಣವಾದ ಮೇಲೆ ಸೆನೆಟರೂ ನಾವೂ ಒಂದೇ ಎಲೆಯಲ್ಲಿ ಕೈಯಿಂದ ಉಣ್ಣುತ್ತೇವೆ ಎಂದು ಸಾರಿದ್ದರು. ಬೆಳಗಿನಿಂದ ಹೊಟ್ಟೆಗೇನೂ ಹಾಕದೆ ನಾವು ಮುಂದಿನ ಸಾಲಿನಲ್ಲಿ ನಿಂತೆವು. ಎಲೆ ಮುಟ್ಟಲು ಹೋದವರ ಕೈಗೆ ಕಾಲೋಯ್ ಬಿದಿರು ಕಡ್ಡಿಯಿಂದ ಬಾರಿಸುತ್ತಿದ್ದ.

ಅರೆಯಾನೊ ಚೆನ್ನಾಗಿ ಮಾತಾಡಿದ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಮಾತಾಡಿದ.

"ದೇಶದ ಅಧ್ಯಕ್ಷರ ಅಡಿಗೆಮನೆಗೂ ಉಪ್ಪು ಬೇಕು, ಈ ಅಜ್ಜಿಯ ಗಡಿಗೆಗೂ ಉಪ್ಪು ಬೇಕು. ಇಬ್ಬರೂ ಕಟ್ಟೋ ತೆರಿಗೆ ಒಂದೇ! ಇದು ನ್ಯಾಯವೇ? ತೆರಿಗೆ ಇಳಿಸಿದ್ರೆ ಬೊಕ್ಕಸ ಬರಿದಾಗುತ್ತೆ ಅಂತಾರೆ. ನಿಮ್ಮ ಊರಿಗೆ ಆಸ್ಪತ್ರೆ ಇದೆಯೇ? ಹಾಗಿದ್ದರೆ ಇಷ್ಟು ವರ್ಷ ನಿಮ್ಮಿಂದ ಕಿತ್ತುಕೊಂಡದ್ದು ಯಾರ ಹೊಟ್ಟೆಗೆ ಹೋಯಿತು? ಆ ಕಾಸು ನಿಮ್ಮ ಕೈಯಲ್ಲೇ ಉಳಿದಿದ್ದರೆ ಮಗು ಹಾಲು ಕುಡೀತಿತ್ತು, ಬೀದಿಯ ಅಂಗಡಿ ನಡೀತಿತ್ತು, ಈ ಬೆರಳಿಗೆ ಔಷಧಿ ಬರ್ತಿತ್ತು!"

ಅಜ್ಜಿಯ ಬೆರಳನ್ನು ಎತ್ತಿ ಹಿಡಿದ. ಕ್ಯಾಮೆರಾದವರು ಮುನ್ನುಗ್ಗಿದರು. ಅಜ್ಜಿ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಜನ ಚಪ್ಪಾಳೆ ತಟ್ಟಿದರು. ಮಿಂಡಾ ಕಣ್ಣೊರೆಸಿಕೊಂಡಳು. ನಮ್ಮ ಬದುಕಿನ ಮಾತನ್ನು ಅಷ್ಟು ಗಟ್ಟಿಯಾಗಿ ಯಾರೂ ಆಡಿರಲಿಲ್ಲ.

ಅಲ್ಲಿಗೆ ಮುಗಿಸಿದ್ದರೆ ಅಜ್ಜಿಯ ಮಣೆ ಉಳಿಯುತ್ತಿತ್ತು. ಅವನು ಮುಗಿಸಲಿಲ್ಲ. ಶೆಡ್ಡಿನಿಂದ ತರಿಸಿದ್ದ ಒಂದು ಡಬ್ಬವನ್ನು ಮೈಕಿನ ಮುಂದೆ ಇಟ್ಟುಕೊಂಡ. ಮಾಂಸ ಗೋಪುರವಾಗಿ ತುಂಬಿತ್ತು.

"ಇದು ಅಜ್ಜಿಯ ದುಡಿಮೆ. ಅವರ ಬಾಯಿಗೆ ಒಂದು ತುತ್ತು ಹೋಗೋ ಮೊದಲೇ ಸರ್ಕಾರದ ಕೈ ಬರುತ್ತೆ. ಬಂದು ಏನು ಮಾಡುತ್ತೆ? ನೋಡಿ!"

ಅಂಗಿಯ ತೋಳು ಮಡಿಸಿ, ಬೆರಳು ಅಗಲಿಸಿ, ತುದಿಯಿಂದ ಒಂದು ಹಿಡಿ ಎತ್ತಿದ.

"ಉಪ್ಕಾರ ಆಯ್ತವ್ವಾ!"

ನಾವೆಲ್ಲ ಅಂದುಬಿಟ್ಟಿದ್ದೆವು. ಮುಂದಿನ ಸಾಲಿನ ಅಷ್ಟೂ ಹೆಂಗಸರು, ಒಂದೇ ದನಿಯಲ್ಲಿ. ವೇದಿಕೆಯ ಮೇಲಿಂದ ಅಜ್ಜಿಯ ದನಿಯೂ ಸೇರಿತ್ತು. ಮೈಕಿನ ಹತ್ತಿರವಿದ್ದುದರಿಂದ ಅವಳದೇ ಎಲ್ಲರಿಗಿಂತ ಜೋರಾಗಿ ಕೇಳಿಸಿತು.

ಬಯಲೆಲ್ಲ ಗೊಳ್ಳೆಂದಿತು. "ಸೆನೆಟರವ್ವಾ!" ಎಂದು ಹಿಂದಿನಿಂದ ಯಾವನೋ ಕೂಗಿದ.

ಅರೆಯಾನೊ ಕೂಡ ನಕ್ಕ. "ಅಲ್ಲ ಅಜ್ಜಿ, ಇದು ತೆರಿಗೆ. ನಿಮ್ಮನ್ನ ದೋಚ್ತಾ ಇರೋದು. ದೋಚೋರಿಗೆ ಯಾರಾದರೂ ಉಪಕಾರ ಅಂತಾರಾ?"

"ತಪ್ಪಾಯ್ತು ಸಾಮಿ, ಬಾಯಿಗ್ ಬಂದ್ಬುಡ್ತು," ಅಜ್ಜಿ ಗಾಬರಿಯಿಂದ ಕೈ ಮುಗಿದಳು. "ಸೆಡ್ಡಲ್ಲಿ ನಿಮ್ಮಕ್ಕಾರು ಇಂಗೇ ತಗೀತಾರಲ್ಲ, ಆಗ ಅನ್ಬೇಕು. ಅನ್ನದೇ ಇದ್ರೆ ಇನ್ನೊಂದ್ ಹಿಡಿ ತಗೀತಾರೆ."

ನಗು ನಿಂತುಹೋಯಿತು. ಅರೆಯಾನೊನ ಮುಖದ ಮೇಲೆ ಮಾತ್ರ ಅದು ಹಾಗೇ ಉಳಿದಿತ್ತು. ಮುಷ್ಟಿಯ ಸಂದಿಯಿಂದ ಪಚ್ಚಿಲೆಯ ನೀರು ಬಿಳಿ ಅಂಗಿಯ ತೋಳಿಗೆ ಇಳಿಯುತ್ತಿತ್ತು. ಅವನು ಹಿಡಿಯನ್ನು ಡಬ್ಬಕ್ಕೆ ಸುರಿದು, ಅಜ್ಜಿಯನ್ನು ಬಾಚಿ ತಬ್ಬಿಕೊಂಡ.

"ನೋಡಿ, ನಮ್ಮ ಬಡವರ ಮುಗ್ಧತೆ!"

ಬ್ಯಾಂಡು ಬಾರಿಸಿದರು. ತಬ್ಬಿಕೊಂಡವನು ಕಿವಿಯಲ್ಲಿ ಏನೆಂದನೆಂದು ಅಜ್ಜಿ ಆಮೇಲೆ ನಮಗೆ ಹೇಳಿದಳು: "ಇದನ್ನಾಡೋಕೆ ಆ ಆಳೋ ಪಾರ್ಟಿಯೋರು ಎಷ್ಟು ಕೊಟ್ಟರೇ, ಮುದಿ ಗೂಬೆ?"

ಊಟ ಎಲೆ ಸಮೇತ ಪಕ್ಷದವರ ಕಾರುಗಳೊಳಕ್ಕೆ ಹೋಯಿತು. ನಮ್ಮನ್ನು ಮೇಜು ತೊಳೆಯಲು ಕರೆದರು.

ಸೋಮವಾರ ನಾವು ಹೋಗುವಷ್ಟರಲ್ಲಿ ಬೇಯಿಸುವ ಡ್ರಮ್ಮಿನ ಮುಂದೆ ಕಾಲೋಯ್ ಅಜ್ಜಿಯ ಮಣೆ ಹಿಡಿದು ನಿಂತಿದ್ದ. ಅವಳ ಗಂಡ ಒಡೆದ ದೋಣಿಯ ಹಲಗೆ ಕೊಯ್ದು ಮಾಡಿಕೊಟ್ಟಿದ್ದ ಮಣೆ. ಕೂತು ಕೂತು ನಡು ತಗ್ಗಾಗಿತ್ತು.

"ಬ್ಯಾಡ ಕಣ್ ಮಗಾ, ಹೊರಕ್ಕೆ ಹೋಯ್ತೀನಿ. ಮಣೆ ಕೊಟ್ಬುಡು. ಆಚೆ ತಿಪ್ಪೆ ಮ್ಯಾಲೆ ಹಾಕ್ಕಂಡು ಕುಂತ್ಕತೀನಿ."

ಕಾಲೋಯ್ ಮೇಡಮ್ ಕಡೆ ನೋಡಿದ. ಮೇಡಮ್ ತಲೆ ಆಡಿಸಿದಳು. ಮಣೆ ಒಲೆಗೆ ಹೋಯಿತು. ಉಪ್ಪು ಕುಡಿದ ಹಲಗೆ. ಮೊದಲು ಚಟಪಟ ಸಿಡಿದು, ಆಮೇಲೆ ಹಸಿರು ಉರಿಯಲ್ಲಿ ಹತ್ತಿಕೊಂಡಿತು.

"ತಗೊಂಡೆನಲ್ಲ," ಎಂದಳು ಮೇಡಮ್. "ಏನನ್ಬೇಕು?"

ಅಜ್ಜಿ ಉರಿಯನ್ನೇ ನೋಡುತ್ತಿದ್ದಳು.

"ಏನನ್ಬೇಕು ಅಂದೆ."

"ಉಪ್ಕಾರ ಆಯ್ತವ್ವಾ."

ಕಾಲೋಯ್ ಅವಳ ರಟ್ಟೆ ಹಿಡಿದು ಹೊರಕ್ಕೆ ದಬ್ಬಿದ. ಡ್ರಮ್ಮು ಕುದಿ ಬಂದು, ಒಳಗೆ ಪಚ್ಚಿಲೆಗಳು ಒಂದೊಂದಾಗಿ ಬಾಯಿಬಿಟ್ಟವು. ಅವನ್ನೇ ತೋಡಿ ನಮ್ಮ ಮುಂದೆ ಸುರಿದ.

"ಇವತ್ತಿಂದ ಎರಡು ಹಿಡಿ," ಎಂದಳು ಮೇಡಮ್, ತಕ್ಕಡಿಯ ಹಿಂದೆ ಕುರ್ಚಿ ಎಳೆದುಕೊಳ್ಳುತ್ತಾ. "ಒಂದು ತಗಡಿಗೆ. ಇನ್ನೊಂದು ನೀವು ಕಳೆದ ನನ್ನ ತಮ್ಮನ ಮಾನಕ್ಕೆ."

ನನ್ನ ಡಬ್ಬ ತುಂಬುತ್ತಾ ಬಂದಿತ್ತು. ಒಂದು ಚಿಪ್ಪನ್ನು ನೆಲಕ್ಕಿಟ್ಟು ಚಾಕುವಿನ ಹಿಡಿಯಿಂದ ಕುಟ್ಟಿದೆ. ಉದ್ದನೆಯ, ತೆಳ್ಳನೆಯ ಚೂರುಗಳನ್ನು ಆರಿಸಿದೆ. ಅಜ್ಜಿಯ ಬೆರಳಿಗೆ ಹೊಕ್ಕಿದ್ದು ಅಂಥದ್ದೇ. ಅಂಚು ಮೇಲೆ ಮಾಡಿ ಮಾಂಸದಲ್ಲಿ ಒತ್ತಾಗಿ ನೆಟ್ಟೆ. ಮೇಲೆ ಇನ್ನಷ್ಟು ಮಾಂಸ ಮುಚ್ಚಿ ಗೋಪುರ ಕಟ್ಟಿದೆ. ಮಿಂಡಾ ನನ್ನ ಕೈಯನ್ನೇ ನೋಡುತ್ತಿದ್ದಳು. ತಾನೂ ಒಂದು ಚಿಪ್ಪನ್ನು ನೆಲಕ್ಕಿಟ್ಟು ಕುಟ್ಟಿದಳು. ಅವಳಾಚೆ ಇನ್ನೊಬ್ಬಳು. ಶೆಡ್ಡಿನ ಆ ಮೂಲೆಯಲ್ಲೂ ಟಕ್ ಎಂದಿತು.

ಡಬ್ಬವನ್ನು ತಕ್ಕಡಿಯ ಮುಂದಿಟ್ಟೆ. ಮೇಡಮ್ ಬಳೆಯನ್ನು ಮೊಣಕೈವರೆಗೆ ಸರಿಸಿ, ಬೆರಳು ಅಗಲಿಸಿದಳು.

"ಉಪ್ಕಾರ ಆಯ್ತವ್ವಾ," ಎಂದೆ. ನನ್ನ ಹಿಂದಿನ ಮಣೆಗಳಿಂದಲೂ ಅದೇ ಮಾತು ಎದ್ದಿತು.

"ಇನ್ನೂ ತಗೊಂಡೇ ಇಲ್ವಲ್ಲೇ!" ಮೇಡಮ್ ನಕ್ಕಳು. "ಈಗ ಬುದ್ಧಿ ಬಂತು ನೋಡು ನಿಮಗೆ."

ಹಿಡಿ ದೊಡ್ಡದಾಗಲೆಂದು, ಕೈಯನ್ನು ಮಣಿಕಟ್ಟಿನ ತನಕ ಒಳಕ್ಕೆ ಇಳಿಸಿದಳು.