ಶ್ರಾವಣದಲ್ಲಿ ಓದಿದ ಪ್ರವಾಸ

ಶ್ರಾವಣ ಬಂತೆಂದರೆ ಆಳಂದದ ಗುರುಬಾಯಿಯ ಪಡಸಾಲೆಯಲ್ಲಿ ಪುರಾಣ ಹಚ್ಚುವುದು ರೂಢಿ. ಸಂಜೆಗೆ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ, ಸೊಸೆ ಗುರುಶಾಂತಮ್ಮ ಓದುತ್ತಾಳೆ. ಎಂಬತ್ತಮೂರರ ಶ್ರಾವಣದಲ್ಲಿ ಮಾತ್ರ ಒಂದು ಫಜೀತಿಯಾಯಿತು.

ಗುರುಶಾಂತಮ್ಮ ಲೈಬ್ರರಿಯಿಂದ ತರಿಸಿಕೊಂಡ ಹೊಸ ಪುಸ್ತಕ ಅತ್ತೆಯ ಕಣ್ಣಿಗೆ ಬಿತ್ತು. ಸೊಸೆಯ ಮೆಚ್ಚಿನ ಕಾದಂಬರಿಗಾರ್ತಿ ತನ್ನ ತಿರುಗಾಟವನ್ನೂ, ತಿರುಗುತ್ತ ತಿರುಗುತ್ತ ತನ್ನನ್ನೇ ಕಂಡುಕೊಂಡ ಬಗೆಯನ್ನೂ ಬರೆದ ಪುಸ್ತಕ ಅದು. ಏನಿದು ಎಂದು ಅತ್ತೆ ಕೇಳಿದಳು.

"ಕಾಶಿ, ಕೇದಾರಕ್ಕ ಹೋಗಿದ್ದು ಬರದಾರ್ರಿ," ಎಂದಳು ಸೊಸೆ.

ಸುಳ್ಳೇನಲ್ಲ. ಅಕ್ಷರ ಬಾರದ ಗುರುಬಾಯಿಗೆ ಅಷ್ಟೇ ಸಾಕಾಯಿತು. ಈ ಸಲ ಇದೇ ಆಗಲಿ ಎಂದು ಪುಸ್ತಕಕ್ಕೆ ವಿಭೂತಿ ಬಳಿದು, ಹೂವೇರಿಸಿ, ಕಾಯಿ ಒಡೆದೇಬಿಟ್ಟಳು. ಲೈಬ್ರರಿಯ ಠಸ್ಸೆಯ ಮೇಲೆ ಮೂರು ಬೆರಳ ವಿಭೂತಿ!

ಗುರುಶಾಂತಮ್ಮನ ಚಿಂತೆಯೇ ಬೇರೆ. ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಶಿಕ್ಷಕಿಯಾಗಲು ಅವಳಿಗೆ ಆರ್ಡರ್ ಬಂದಿತ್ತು. ಶ್ರಾವಣ ಮುಗಿಯುತ್ತಲೇ ಹಾಜರಾಗಬೇಕು, ಅಲ್ಲೇ ಖೋಲಿ ಹಿಡಿದು ಒಬ್ಬಳೇ ಇರಬೇಕು. "ಮನಿ ಸೊಸಿ ಊರು ಬಿಟ್ಟು ಇರೋದಂದ್ರೇನು?" ಎಂದು ಅತ್ತೆ ಒಂದೇ ಮಾತಿಗೆ ಮುಗಿಸಿದ್ದಳು. ಗಂಡ ದೌಲತರಾಯ ಅಡತಿ ಅಂಗಡಿಯಲ್ಲಿ ತೊಗರಿಯ ದರಕ್ಕೆ ಗಂಟಲು ಹರಿಯುವಂತೆ ಕೂಗುವವನು, ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ಕಾಶಿ ದಾಟುವವರೆಗೆ ಓದು ಸುಸೂತ್ರವಾಗಿ ನಡೆಯಿತು. ಗಂಗೆ ಎಂದಾಗಲೆಲ್ಲ ಹೆಂಗಸರು ಕೈ ಮುಗಿದರು. ಆಮೇಲೆ ಲೇಖಕಿ, ತಾನು ಗಂಡನ ಮನೆಯಲ್ಲಿ ಯಾರನ್ನೂ ಕೇಳದೆ ಹೊರಟು ಬಂದದ್ದನ್ನು ಬಿಚ್ಚಿಟ್ಟಳು.

"ಮುಚ್ಚು ಅದನ್ನ!" ಎಂದಳು ಗುರುಬಾಯಿ.

"ಕಾಯಿ ಒಡದು ಹಚ್ಚಿದ್ದು ಅರ್ಧಕ್ಕ ಬಿಡ್ತಾರೇನಕ್ಕಾ? ಮನಿಗಿ ಚಲೋ ಅಲ್ಲ," ಎಂದಳು ಪಕ್ಕದ ಮನೆಯ ಮಾಳಮ್ಮ. ಅವಳಿಗೆ ಮುಂದೇನಾಯಿತೆಂದು ಕೇಳುವ ಹಂಬಲ.

ಗುರುಬಾಯಿಗೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. "ಓದು. ಆಕಿ ತಿರುಗಿ ಮನಿಗಿ ಬರ್ತಾಳೋ ಇಲ್ಲೋ ನೋಡೇ ಬಿಡೋಣು. ಬಂದ್ರ ನೀನೂ ನೆಲೋಗಿಗಿ ಹೋಗು," ಎಂದು ಸೊಸೆಗೆ ಎಲ್ಲರೆದುರೇ ಹೇಳಿದಳು.

ಬರುವುದಿಲ್ಲ ಎಂದು ಗುರುಶಾಂತಮ್ಮನಿಗೆ ಗೊತ್ತಿತ್ತು. ಒಲೆಯ ಮುಂದೆ ಕೂತು ಕೊನೆಯ ಪುಟ ಮೊದಲೇ ಓದಿಬಿಟ್ಟಿದ್ದಳು.

"ಬಂದ್ಳು ಅಂತ ಓದಿಬಿಡು. ಅವ್ವಗ ಏನ್ ತಿಳೀತದ?" ಎಂದ ಗಂಡ. ಹೆಂಡತಿಯ ಪರವಾಗಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು, ಅದೂ ಸುಳ್ಳು ಹೇಳಿಕೊಡಲಿಕ್ಕೆ.

ಪುರಾಣ ಮುಗಿಸುವ ಮಂಗಲದ ದಿನ ಗುರುಶಾಂತಮ್ಮ ಕೊನೆಯ ಪುಟ ತೆರೆದಳು. ಒಂದು ಮಾತು ಬದಲಿಸಿದರೆ ನೌಕರಿ ಕೈಯಲ್ಲಿತ್ತು. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ, ಈ ಮನೆಯಲ್ಲಿ ಒಬ್ಬರೂ ತನ್ನವರೆನಿಸದ ದಿನಗಳಲ್ಲಿ, ಕಾದಂಬರಿಗಳ ಮೂಲಕ ಅವಳ ಜೊತೆಗಿದ್ದವಳು ಈ ಲೇಖಕಿಯೇ. ಅವಳ ಬಾಯಲ್ಲಿ ಸುಳ್ಳು ತುರುಕಲು ಮನಸ್ಸು ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದಳು. ಲೇಖಕಿ ಮನೆಗೆ ಮರಳಲಿಲ್ಲ, ಬೇರೊಂದು ಊರಲ್ಲಿ ಸಣ್ಣ ಮನೆ ಹಿಡಿದು ಬರೆಯುತ್ತ ಉಳಿದಳು.

ಹೆಂಗಸರು ಗುರುಬಾಯಿಯ ಮುಖ ನೋಡಿದರು.

"ಆಕಿಗಿ ಅತ್ತಿ ಇದ್ದಿಲ್ಲೇನು?" ಎಂದು ಗುರುಬಾಯಿ ಸೊಸೆಯನ್ನು ಕೇಳಿದಳು.

"ಇದ್ದಿರಬೇಕ್ರಿ."

"ಅತ್ತಿ ಬಗ್ಗೆ ಏನ್ ಬರದಾಳ?"

"ಏನೂ ಬರದಿಲ್ರಿ."

"ಇಷ್ಟು ದಪ್ಪ ಪುಸ್ತಕದಾಗ ಒಂದು ಮಾತೂ ಇಲ್ಲ?"

"ಇಲ್ರಿ, ಅತ್ತಿ."

ಲೇಖಕಿ ಮನೆ ಬಿಟ್ಟದ್ದಕ್ಕಿಂತ ಇದರಿಂದಲೇ ಗುರುಬಾಯಿಗೆ ಹೆಚ್ಚು ನೋವಾಯಿತು. ಮಂಗಳಾರತಿ ಮುಗಿದು, ಹೆಂಗಸರು ಪ್ರಸಾದ ತೆಗೆದುಕೊಂಡು ಎದ್ದು ಹೋದರು. ಸೊಸೆ ಆಸೆ ಬಿಟ್ಟು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಗುರುಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ದೌಲತ ನೆಲೋಗಿ ತನಕ ಬಂದು ಬಿಟ್ಟು ಬರ್ತಾನ," ಎಂದಳು. "ಅಲ್ಲಿ ಯಾರರ ಕೇಳಿದ್ರ, ನಮ್ಮ ಅತ್ತಿ ಕಳಿಸ್ಯಾಳ ಅನ್ನು."