ರಾಮಯ್ಯನ ಬಾಕಿ ನಡೆ

ನಯಾಪೈಸೆ ಚಲಾವಣೆಗೆ ಬಂದ ವರ್ಷ ಲಕ್ಷ್ಮೀಪುರಂನ ನಂಜುಂಡಸ್ವಾಮಿ ಅನ್ನ ಬಿಟ್ಟು ಮಲಗಿದರು. ಕಾಯಿಲೆ ಅಂತ ಏನೂ ಇರಲಿಲ್ಲ. ಬೆಳಿಗ್ಗೆ ಒಂದು ಗುಟುಕು ನೀರು, ಸಂಜೆ ಒಂದು ಗುಟುಕು. ಗಂಜಿ ಲೋಟ ಕಂಡರೆ ಮುಖ ಗೋಡೆ ಕಡೆ ತಿರುಗುತ್ತಿತ್ತು. ಹೆಂಡತಿ ಮಹದೇವಮ್ಮ ಬೇಡಿದಳು, ಬೈದಳು, ನಂಜನಗೂಡಿಗೆ ಹರಕೆ ಹೊತ್ತಳು. ಏನು ಮಾಡಿದರೂ ಕಲ್ಲಿನ ಮೇಲೆ ನೀರು ಸುರಿದ ಹಾಗೆಯೇ ಆಯಿತು.

ಅವರ ಚಾಪೆಯ ಪಕ್ಕದಲ್ಲೇ ಚದುರಂಗದ ಹಲಗೆ ಇತ್ತು, ಅರ್ಧಕ್ಕೆ ನಿಂತ ಆಟದ ಸಮೇತ. ಅದು ಊರಿನವರೆಲ್ಲ ಆಡುವ ಚದುರಂಗವಲ್ಲ. ಗೆಳೆಯ ರಾಮಯ್ಯನ ತಾತನ ಕಾಲದಿಂದ ಬಂದದ್ದು, ಅದರ ಕಟ್ಟುಪಾಡೇ ಬೇರೆ. ಅದರಲ್ಲಿ ರಾಜನನ್ನು ಒಂಟಿ ಮಾಡಬಾರದು. ಎದುರಾಳಿಯ ಕೊನೆಯ ಕಾಯನ್ನೂ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಆಟ ಕೆಟ್ಟಿತು ಅಂತ ಲೆಕ್ಕ. ಗೆಲುವೂ ಇಲ್ಲ, ಸೋಲೂ ಇಲ್ಲ; ಕೆಡಿಸಿದವನೇ ಕಾಯಿ ಹೂಡಿ ಹೊಸ ಆಟ ಆಡಬೇಕು. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ನಡೆ ಇರುವ ತನಕ ಸೋತೆ ಅನ್ನುವ ಹಾಗಿಲ್ಲ, ಹಲಗೆ ಬಿಟ್ಟು ಏಳುವ ಹಾಗಿಲ್ಲ. ಮನೆಗೆ ಬೆಂಕಿ ಬಿದ್ದರೂ ನಡೆ ಆಡಿಯೇ ಏಳಬೇಕು ಅಂತ ಗೆಳೆಯರಿಬ್ಬರೂ ನಗುತ್ತಿದ್ದರು. ತಲೆ ನರೆತ ಮೇಲೂ ಗಂಡಸರಿಗೆ ಹುಡುಗಾಟ ಬಿಡುವುದಿಲ್ಲ ನೋಡಿ.

ಆಟ ಅರ್ಧಕ್ಕೆ ನಿಂತ ದಿನ ರಾಮಯ್ಯ ಎದೆ ಹಿಡಿದಂತಾಗುತ್ತಿದೆ, ವಿದ್ಯಾರಣ್ಯಪುರಂನ ಮನೆಗೆ ಹೊರಡುತ್ತೇನೆ ಅಂದಿದ್ದ. ಅವನ ಕಡೆ ರಾಜ ಮತ್ತು ಒಂದೇ ಒಂದು ಕಾಲಾಳು ಉಳಿದಿತ್ತು. ಸೋಲುವ ಹೊತ್ತಿಗೆ ಸರಿಯಾಗಿ ಎದೆನೋವು ಬಂತೇನೋ, ನಡೆ ಆಡಿ ಏಳು ಅಂತ ನಂಜುಂಡಸ್ವಾಮಿ ಛೇಡಿಸಿದರು. ಒಳಗೆ ಕಾಫಿ ಸೋಸುತ್ತಿದ್ದ ಮಹದೇವಮ್ಮನಿಗೂ ನಗು ಬಂದಿತ್ತು. ರಾಮಯ್ಯ ಬೆವರು ಒರೆಸಿಕೊಳ್ಳುತ್ತ ಹಲಗೆಯನ್ನೇ ನೋಡುತ್ತ ಕೂತ. ಅವಳು ಕಾಫಿ ತಂದು ಇಡುವಷ್ಟರಲ್ಲಿ ಕಂಬಕ್ಕೆ ಒರಗಿದ್ದ, ಜೀವ ಹೋಗಿತ್ತು.

ಅಂದಿನಿಂದ ಆ ಹಲಗೆಯನ್ನು ಯಾರೂ ಮುಟ್ಟಕೂಡದು. "ಅವನ ನಡೆ ಬಾಕಿ ಅದೆ ಕಣೆ. ಅವನಿರೋ ಕಡೆಗೇ ಹೋಗಿ ಆಡಿಸ್ತೀನಿ," ಅಂದವರು ಆಮೇಲೆ ಮಾತನ್ನೂ ಬಿಟ್ಟರು.

ಒಂದು ಮಧ್ಯಾಹ್ನ ಬಂದ ಡಾಕ್ಟರು ನಾಡಿ ನೋಡಿ, ಇವತ್ತಾದರೂ ಹೊಟ್ಟೆಗೆ ಏನಾದರೂ ಬೀಳದಿದ್ದರೆ ನನ್ನ ಕೈಲಿಲ್ಲಮ್ಮ ಅಂತ ಹೇಳಿ ಹೋದರು. ಮಹದೇವಮ್ಮ ಗಂಜಿ ಲೋಟ ಹಿಡಿದು ನಡುಮನೆಯಲ್ಲಿ ನಿಂತಳು. ಇನ್ನು ಯಾರ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಲೋಟ ಕೆಳಗಿಟ್ಟು ರಾಮಯ್ಯ ಕೂರುತ್ತಿದ್ದ ಜಾಗದಲ್ಲಿ ಹೋಗಿ ಕೂತಳು. ಎಷ್ಟೋ ವರ್ಷ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಆ ಆಟ ಕಂಡವಳು, ಕಾಯಿ ನಡೆಯುವ ದಾರಿಯಷ್ಟೇ ಗೊತ್ತು. ಆದರೆ ಈಚೆಗೆ ಹಲಗೆಯ ಸುತ್ತ ಕಸ ಗುಡಿಸುವಾಗಲೆಲ್ಲ ರಾಮಯ್ಯನ ಕಾಲಾಳಿನ ಮುಂದಿನ ಮನೆ ಅವಳ ಕಣ್ಣಿಗೆ ಬೀಳುತ್ತಿತ್ತು.

"ರಾಮಯ್ಯನೋರ ನಡೆ ನಾನು ಆಡ್ತೀನಿ," ಅಂದಳು.

ನಂಜುಂಡಸ್ವಾಮಿ ಗೋಡೆಯಿಂದ ಮುಖ ಈಚೆಗೆ ತಿರುಗಿಸಿದರು. ಗೋಡೆ ಹಿಡಿದು ಎದ್ದು ಕೂತರು. ಅವರ ಕಣ್ಣಲ್ಲಿದ್ದ ಆತುರ ಮಹದೇವಮ್ಮನಿಗೆ ಕಂಡಿತು. ಆಟ ಮುಗಿಯಲಿ, ಋಣ ಹರಿಯಲಿ, ಹೊರಟುಬಿಡುತ್ತೇನೆ ಅನ್ನುವ ಆತುರ ಅದು. ಗೆದ್ದರೂ ಮುಗಿಯಿತು, ಸೋತರೂ ಮುಗಿಯಿತು. ತಾನು ಕಂಡದ್ದು ತಪ್ಪಾಗಿದ್ದರೆ ಕೈಯಾರೆ ಗಂಡನನ್ನು ಕಳಿಸಿಕೊಟ್ಟ ಹಾಗೆ. ಆದರೂ ಅವಳು ಕಾಲಾಳನ್ನು ಒಂದು ಮನೆ ಮುಂದಕ್ಕೆ ಸರಿಸಿದಳು.

ಕಾಲಾಳು ಅವರ ರಾಜನಿಗೆ ಓರೆಯಾಗಿ ಬಂದು ಕುತ್ತು ತಂದಿತ್ತು. ರಾಜ ತಪ್ಪಿಸಿಕೊಳ್ಳೋಣವೆಂದರೆ ಗೆಲ್ಲಲಿಕ್ಕೆಂದು ಅವರೇ ಗುಂಪು ಹಾಕಿದ್ದ ಆನೆ, ಒಂಟೆ, ಮಂತ್ರಿ ದಾರಿ ಕಟ್ಟಿದ್ದವು. ತೆರೆದಿದ್ದ ಮನೆಗಳಿಗೆ ರಾಮಯ್ಯನ ರಾಜನ ಕಾವಲು. ಉಳಿದ ನಡೆ ಒಂದೇ, ಆ ಕಾಲಾಳನ್ನು ಹೊಡೆಯುವುದು. ಹೊಡೆದರೆ ರಾಮಯ್ಯನ ರಾಜ ಒಂಟಿ.

"ಸೋತೆ ಕಣೆ," ಅಂತ ನಂಜುಂಡಸ್ವಾಮಿ ಮಲಗಲು ವಾಲಿದರು.

ಮಹದೇವಮ್ಮ ಅವರ ಮಣಿಕಟ್ಟು ಹಿಡಿದಳು. "ನಡೆ ಇರೋವಾಗ ಸೋತೆ ಅನ್ನಂಗಿಲ್ಲ. ಎದೆ ನೋಯ್ತದೆ ಅಂದೋರ್ನ ಇದೇ ಮಾತು ಹೇಳಿ ಕೂರಿಸ್ಕೊಂಡ್ರಿ. ಒಳಗೆ ನಾನೂ ನಕ್ಕುಬುಟ್ಟೆ. ಈಗ ನೀವೂ ಏಳಂಗಿಲ್ಲ."

ರಾಮಯ್ಯ ಸತ್ತಮೇಲೆ ಆ ಮನೆಯಲ್ಲಿ ಯಾರೂ ಆಡದೆ ನುಂಗಿಕೊಂಡಿದ್ದ ಮಾತು ಅದು. ಗಂಡನ ಮುಖ ಬಿಳಿಚಿಕೊಂಡದ್ದು ನೋಡಿ, ಮಾತಿನಲ್ಲೇ ಕೊಂದುಬಿಟ್ಟೆನಲ್ಲ ಅಂದುಕೊಂಡಳು. ಆದರೂ ಹಿಡಿದ ಕೈ ಬಿಡಲಿಲ್ಲ. ಗೆಳೆಯನ ಹೆಣದ ಮುಂದೆಯೂ ನಂಜುಂಡಸ್ವಾಮಿಗೆ ಬಾರದಿದ್ದ ಅಳು ಈಗ ಬಿಕ್ಕಿ ಬಿಕ್ಕಿ ಬಂತು. ಅಳುತ್ತಲೇ ಅವರು ಕಾಲಾಳನ್ನು ಹೊಡೆದು ಎತ್ತಿದರು.

"ಆಟ ಕೆಟ್ಟೋಯ್ತು," ಅಂದರು.

"ಕೆಡಿಸಿದೋರೇ ಹೂಡಬೇಕು," ಅಂದಳು ಮಹದೇವಮ್ಮ.

ಅವರು ಕಾಯಿಗಳನ್ನು ಗುಡ್ಡೆ ಮಾಡಿಕೊಂಡು ಹೂಡತೊಡಗಿದರು. ಆನೆಯನ್ನು ಹೇಗೋ ಇಟ್ಟರು. ಕುದುರೆ ಬೆರಳಿಂದ ಜಾರಿ ಬಿತ್ತು. ಎತ್ತಿದರು, ಮತ್ತೆ ಬಿತ್ತು. ಬೇರೆ ಯಾರದ್ದೋ ಕೈ ನೋಡುವ ಹಾಗೆ ತಮ್ಮ ಕೈಯನ್ನು ನೋಡಿಕೊಂಡರು.

"ಗಂಜಿ ಬಿಸಿ ಅದಾ?"

ಗಂಜಿ ಯಾವಾಗಲೋ ಆರಿ ಕೆನೆ ಕಟ್ಟಿತ್ತು. ಮಹದೇವಮ್ಮ "ಅದೆ" ಅಂದು ಲೋಟ ಅವರ ಕೈಗಿಟ್ಟು, ಅದು ಬೀಳದಂತೆ ತನ್ನ ಕೈಯನ್ನು ಕೆಳಗೆ ಕೊಟ್ಟಳು.